ಈಜಿಗೆ ಸೇರಿಸಿದ್ರಿ ಸರಿ, ಕೋಚ್‌ಗೆ ಏನು ಕೇಳಿದ್ರಿ?



ನಮ್ಮ ನ್ಯೂಸ್‌ರೂಮ್‌ನಲ್ಲಿ ಏಪ್ರಿಲ್, ಮೇ ತಿಂಗಳಿಗೆ ಅಂತಲೇ ಒಂದು ಪದ ಇದೆ. 'ನೀರುಪಾಲು'. ಡೆಸ್ಕ್‌ನಲ್ಲಿ ಕೂತ ಹುಡುಗ 'ನೀ' ಅಂತ ಟೈಪ್ ಮಾಡಿದರೆ ಸಾಕು, ಉಳಿದದ್ದನ್ನು ಕಂಪ್ಯೂಟರೇ ತುಂಬಿಕೊಡತ್ತೆ. ಅಷ್ಟು ಸಲ ಬರೆದಿದ್ದೇವೆ. 'ಈಜಲು ತೆರಳಿದ್ದ ಮೂವರು ಬಾಲಕರು ನೀರುಪಾಲು'. 'ಕೃಷಿ ಹೊಂಡಕ್ಕೆ ಬಿದ್ದು ಅಣ್ಣ-ತಂಗಿ ಸಾವು'. 'ಕಾಲು ಜಾರಿ ನಾಲೆಗೆ ಬಿದ್ದ ಮಗ, ರಕ್ಷಿಸಲು ಹೋದ ತಂದೆಯೂ ಸಾವು'. ಊರಿನ ಹೆಸರು ಬದಲಾಗತ್ತೆ, ಸಂಖ್ಯೆ ಬದಲಾಗತ್ತೆ, ವಾಕ್ಯ ಮಾತ್ರ ಅದೇ. ನಾನು ಓದ್ತೀನಿ, ಮುಖವನ್ನು ಸ್ವಲ್ಪ ಗಂಭೀರ ಮಾಡ್ಕೊಂಡು ಓದ್ತೀನಿ, ಮರುಕ್ಷಣವೇ 'ಈಗ ಐಪಿಎಲ್ ಸುದ್ದಿ' ಅಂತೀನಿ.

ಒಂದು ದಿನ ಓದ್ತಾ ಓದ್ತಾ ನಾಲಗೆ ತಡವರಿಸಿತು. 'ಈಜಲು ತೆರಳಿದ್ದ' ಅಂತ ಬರೀತೀವಲ್ಲ, ಈಜು ಬಾರದವರು ಈಜಲು ತೆರಳೋದು ಹೇಗೆ ಸ್ವಾಮಿ? ಅವರು ಹೋಗಿದ್ದು ನೀರಲ್ಲಿ ಆಡೋಕೆ. ಬಿಸಿಲಿಗೆ ಮೈ ತಣ್ಣಗೆ ಮಾಡ್ಕೊಳ್ಳೋಕೆ. ಈಜು ಬಂದಿದ್ದರೆ ಅವರಲ್ಲಿ ಅರ್ಧ ಜನ ಸಂಜೆ ಮನೆಗೆ ಬಂದು ಬೈಸಿಕೊಂಡು ಊಟ ಮಾಡಿ ಮಲಗಿರ್ತಿದ್ರು.

ಆ ವಾರವೇ ನಾನು ನನ್ನ ಐದು ವರ್ಷದ ಮಗನನ್ನು ಈಜು ತರಬೇತಿಗೆ ಸೇರಿಸಿದೆ. ಇವತ್ತು ಆ ಕಥೆ. ನನ್ನ ಮಗನ ಕಥೆ ನಿಮಗ್ಯಾಕೆ ಅಂತ ಕೇಳಬಹುದು. ನಾನು ಮಾಡಿದ ತಪ್ಪನ್ನೇ ಈ ಬೇಸಿಗೆಯಲ್ಲಿ ನೀವೂ ಮಾಡ್ತಿರ್ತೀರಿ, ಅದಕ್ಕೆ.

ನನಗೆ ಈಜು ಬರಲ್ಲ. ಬರ್ತಿರಲಿಲ್ಲ ಅನ್ನೋಣ, ಈಗ ಸ್ವಲ್ಪ ಬರತ್ತೆ. ನಮ್ಮೂರು ತಿಪಟೂರು ಕಡೆ. ರಜೆ ಬಂತು ಅಂದ್ರೆ ನಮ್ಮ ದೊಡ್ಡಪ್ಪ ಮನೆಯ ಗಂಡು ಹುಡುಗರನ್ನೆಲ್ಲ ತೋಟದ ಬಾವಿಗೆ ಕರ್ಕೊಂಡು ಹೋಗ್ತಿದ್ರು. ಬೆನ್ನಿಗೆ ಒಣಗಿದ ಸೋರೆ ಬುರುಡೆ, ಅದಿಲ್ಲದವನಿಗೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಡಬ್ಬ. ಸೊಂಟಕ್ಕೆ ಹಗ್ಗ. ದೊಡ್ಡಪ್ಪ ಮೊದಲೇ ನೀರಲ್ಲಿರ್ತಿದ್ರು. ಮೆಟ್ಟಿಲ ಮೇಲಿಂದ ಒಬ್ಬೊಬ್ಬನೇ ಧುಮುಕಬೇಕು. ನಾನೂ ನನ್ನ ಚಿಕ್ಕಪ್ಪನ ಮಗಳೂ ಬಾವಿ ಕಟ್ಟೆ ಮೇಲೆ ಕೂತು ಅವರ ಬಟ್ಟೆ ಕಾಯ್ತಿದ್ವಿ. 'ಹೆಣ್ಮಕ್ಕಳಿಗೆ ಯಾಕೆ ಬಾವಿ?' ಅಷ್ಟೇ ಉತ್ತರ. ಬಟ್ಟೆ ಕಾದಿದ್ದಕ್ಕೆ ಒಂದು ಎಳನೀರು ಸಿಗ್ತಿತ್ತು.

ಹತ್ತು ವರ್ಷ ಆದಮೇಲೆ, ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ, ನಾವು ಹದಿನಾಲ್ಕು ಜನ ಕಾವೇರಿ ದಂಡೆಗೆ ಪ್ರವಾಸ ಹೋಗಿದ್ವಿ. ಮೊಣಕಾಲುದ್ದದ ನೀರು. ಫೋಟೋ ತೆಗೀತಿದ್ವಿ. ಒಬ್ಬ ಎರಡು ಹೆಜ್ಜೆ ಹಿಂದೆ ಸರಿದ. ಕೂಗಲಿಲ್ಲ, ಕೈ ಬೀಸಲಿಲ್ಲ. ತಲೆ ಹಿಂದಕ್ಕೆ ವಾಲಿತು, ಬಾಯಿ ತೆರೆದಿತ್ತು. ನಾವು ಅವನು ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡು ನಕ್ವಿ. ಹದಿನಾಲ್ಕು ಜನ ಭಾವಿ ಎಂಜಿನಿಯರುಗಳು. ಆರ್ಕಿಮಿಡಿಸ್ ತತ್ವ ಎಲ್ಲರಿಗೂ ಬಾಯಿಪಾಠ. ಈಜು ಒಬ್ಬರಿಗೂ ಬರ್ತಿರಲಿಲ್ಲ. ನದಿಯಲ್ಲಿ ಮೀನು ಹಿಡೀತಿದ್ದ ಒಬ್ಬರು ಬಂದು ಅವನನ್ನು ಮೇಲಕ್ಕೆತ್ತೋ ಹೊತ್ತಿಗೆ ಎಲ್ಲ ಮುಗಿದಿತ್ತು. ನಾವು ನಕ್ಕಿದ್ದನ್ನು ಅವನ ಅಮ್ಮನಿಗೆ ಇವತ್ತಿಗೂ ಯಾರೂ ಹೇಳಿಲ್ಲ.

ಇಷ್ಟು ಕಂಡವಳು ನಾನು. ಮಗ ಹುಟ್ಟಿದ ವರ್ಷದಿಂದಲೇ ಯೋಚನೆ ಮಾಡಬೇಕಿತ್ತು. ಐದು ವರ್ಷ ಮುಂದೂಡಿದೆ. ಶೀತ ಆಗತ್ತೆ ಅಂತ ಒಂದು ವರ್ಷ, ಕ್ಲೋರಿನ್‌ಗೆ ಚರ್ಮ ಕಪ್ಪಾಗತ್ತೆ ಅಂತ ಒಂದು ವರ್ಷ, ಕೊರೊನಾ ಅಂತ ಎರಡು ವರ್ಷ. ಕೊನೆಗೆ ಸೇರಿಸಿದಾಗ ಕೇಳಿದ್ದು ಮೂರೇ ಪ್ರಶ್ನೆ. ಫೀಸ್ ಎಷ್ಟು? ಟೈಮಿಂಗ್ ಏನು? ಎಷ್ಟು ದಿನದಲ್ಲಿ ಕಲಿಸ್ತೀರಿ?

'ಇಪ್ಪತ್ತೊಂದು ದಿನ ಮೇಡಂ, ಗ್ಯಾರಂಟಿ' ಅಂದ್ರು. ಮಿಕ್ಸಿ ತಗೊಳ್ಳುವಾಗ ನಾನು ಇದಕ್ಕಿಂತ ಜಾಸ್ತಿ ಪ್ರಶ್ನೆ ಕೇಳ್ತೀನಿ.

ಮೊದಲನೇ ದಿನ ಹದಿನೆಂಟು ಮಕ್ಕಳು, ಒಬ್ಬ ಕೋಚ್. ಅವರು ನೀರಿಗೆ ಇಳಿಯಲೇ ಇಲ್ಲ. ದಡದಲ್ಲಿ ನಿಂತು ಸೀಟಿ ಊದ್ತಿದ್ರು, ಕೈಯಲ್ಲಿ ಒಂದು ಉದ್ದ ಕೋಲು. ಎರಡನೇ ದಿನ ನನ್ನ ಮಗ ಅಂಚು ಬಿಡಲಿಲ್ಲ. ಮೂರನೇ ದಿನ ಹಿಂದಿನಿಂದ ತಳ್ಳಿದರು. ಅವನು ಮುಳುಗಿ, ಎದ್ದು, ಕೆಮ್ಮಿ, ಆ ಕೋಲು ಹಿಡ್ಕೊಂಡು ಮೇಲೆ ಬಂದು ನನ್ನನ್ನೇ ನೋಡಿದ. ನಾನು ಗಾಜಿನಾಚೆ ಕೂತಿದ್ದೆ. 'ಅಳ್ತಾ ಅಳ್ತಾ ಕಲೀತಾರೆ ಬಿಡಿ ಮೇಡಂ, ನಾವೆಲ್ಲ ಹಂಗೇ ಕಲ್ತಿದ್ದು' ಅಂದ್ರು ಕೋಚ್. ಮನೆಗೆ ಬಂದರೆ ನಮ್ಮತ್ತೆಯದೂ ಅದೇ ಮಾತು. 'ನಿಮ್ಮಾವನ್ನ ಬಾವಿಗೆ ಎತ್ತಿ ಹಾಕಿದ್ರಂತೆ, ಒಂದೇ ದಿನಕ್ಕೆ ಕಲಿತ್ರಂತೆ.'

ಈ 'ಎತ್ತಿ ಹಾಕಿದ್ರು' ಅನ್ನೋ ಕಥೆ ನಮ್ಮಲ್ಲಿ ಪ್ರತಿ ಮನೆಯಲ್ಲೂ ಇದೆ. ದಯವಿಟ್ಟು ಅದನ್ನು ಪೂರ್ತಿ ಹೇಳಿ. ಎತ್ತಿ ಹಾಕೋಕೆ ಮುಂಚೆ ಬೆನ್ನಿಗೆ ಬುರುಡೆ ಕಟ್ಟಿದ್ರು. ಸೊಂಟಕ್ಕೆ ಹಗ್ಗ ಇತ್ತು. ಹಗ್ಗದ ಇನ್ನೊಂದು ತುದಿ ಚೆನ್ನಾಗಿ ಈಜು ಬಲ್ಲವರ ಕೈಯಲ್ಲಿತ್ತು. ಕೆಳಗೆ ನೀರಲ್ಲಿ ಒಬ್ಬ ಮಾವನೋ ಅಣ್ಣನೋ ಕೈ ಚಾಚಿಕೊಂಡು ನಿಂತಿದ್ದ. ದಿನ ಕಳೆದ ಹಾಗೆ ಬುರುಡೆಯನ್ನು ಸಡಿಲ ಮಾಡ್ತಾ, ಚಿಕ್ಕದು ಮಾಡ್ತಾ ಬರ್ತಿದ್ರು. ಒಂದು ಕೋರ್ಸಿಗೆ ಬೇಕಾದ ಸಿಲಬಸ್ ಎಲ್ಲ ಅದರಲ್ಲಿತ್ತು. ನಾವು ಬುರುಡೆ ಬಿಟ್ವಿ, ಹಗ್ಗ ಬಿಟ್ವಿ, ಮಾವನನ್ನೂ ಬಿಟ್ವಿ. ತಳ್ಳೋದನ್ನು ಮಾತ್ರ ಇಟ್ಕೊಂಡ್ವಿ. ಹಾಗೆ ತಳ್ಳಿಸಿಕೊಂಡು ಬದುಕಿದವರು ಕಥೆ ಹೇಳೋಕೆ ಇದ್ದಾರೆ. ಉಳಿಯದವರ ಕಥೆ ಯಾರು ಹೇಳಬೇಕು?

ನನ್ನ ಮಗ ಆಮೇಲೆ ಒಂದು ತಿಂಗಳು ತಲೆಗೆ ನೀರು ಹಾಕೋಕೂ ಬಿಡಲಿಲ್ಲ. ಕಟ್ಟಿದ 6,500 ರೂಪಾಯಿ ವಾಪಸ್ ಬರಲಿಲ್ಲ, ಅದು ಬಿಡಿ.

ಈಗ ಸ್ವಲ್ಪ ಲೆಕ್ಕ. ನಾನು ಓದಿದ್ದು ಎಂಜಿನಿಯರಿಂಗ್, ಒಗ್ಗರಣೆಗೆ ಅಷ್ಟಾದರೂ ಬಳಸ್ತೀನಿ. ಎದೆ ತುಂಬ ಉಸಿರು ಹಿಡಿದ ಮನುಷ್ಯನ ದೇಹ ಅದೇ ಗಾತ್ರದ ನೀರಿಗಿಂತ ಕೂದಲೆಳೆಯಷ್ಟು ಹಗುರ. ಉಸಿರು ಪೂರ್ತಿ ಬಿಟ್ಟರೆ ಬಹಳಷ್ಟು ಜನ ಮುಳುಗ್ತಾರೆ. ಅಂದ್ರೆ ತೇಲುವಾಗಲೂ ದೇಹದ ಬಹುಪಾಲು ನೀರಿನ ಒಳಗೇ ಇರತ್ತೆ, ಹೊರಗಿರೋದು ಒಂದು ಬೊಗಸೆಯಷ್ಟು ಭಾಗ. ಆ ಭಾಗ ಮೂಗು ಬಾಯಿ ಆಗಿದ್ದರೆ ಬದುಕಿದಿರಿ. ಗಾಬರಿಯಲ್ಲಿ ಕೈ ಮೇಲಕ್ಕೆತ್ತಿದಿರಿ ಅನ್ನಿ, ಕೈ ಹೊರಗೆ ಬಂದಷ್ಟೂ ಮುಖ ಒಳಗೆ ಹೋಗತ್ತೆ. ಚಿಕ್ಕ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ. ಅವರಿಗೆ ಇನ್ನೂ ಕಷ್ಟ. ಹಾಗಾಗಿ ಈಜಿನ ಮೊದಲ ಪಾಠ ಕೈ ಕಾಲು ಬಡಿಯೋದಲ್ಲ. ಬೆನ್ನ ಮೇಲೆ ಮಲಗಿ, ಮುಖ ಆಕಾಶಕ್ಕೆ ಮಾಡಿ, ಸುಮ್ಮನೆ ಇರೋದು. ಐದು ವರ್ಷದ ಮಗುವಿಗೆ ಸುಮ್ಮನಿರು ಅಂತ ಹೇಳೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಕೋಚ್‌ನ ಸಾಮರ್ಥ್ಯ ಗೊತ್ತಾಗೋದು ಅಲ್ಲೇ.

ಇನ್ನೊಂದು ವಿಷಯ, ಇದನ್ನು ಟಿವಿಯವರಾಗಿ ನಾವೇ ಹಾಳು ಮಾಡಿದ್ದೀವಿ. ಸಿನಿಮಾದಲ್ಲಿ ಮುಳುಗುವವರು ಕೈ ಬೀಸಿ 'ಕಾಪಾಡಿ ಕಾಪಾಡಿ' ಅಂತ ಕೂಗ್ತಾರೆ. ನಿಜವಾಗಿ ಮುಳುಗುವವರು ಕೂಗಲ್ಲ. ನ್ಯೂಯಾರ್ಕ್‌ನ ಕಡಲತೀರದಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ ಅನ್ನೋರು ಇದನ್ನು ಕ್ಯಾಮೆರಾದಲ್ಲಿ ಸೆರೆ ಹಿಡಿದು ಅಧ್ಯಯನ ಮಾಡಿದರು. ಉಸಿರಿಗೇ ಪರದಾಡುವ ಬಾಯಿಗೆ ಮಾತಾಡೋಕೆ ಆಗಲ್ಲ. ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರತ್ತೆ, ಬೀಸೋಕೆ ಆಗಲ್ಲ. ಹೀಗೆ ಮೇಲೆ ಇರೋದು 20ರಿಂದ 60 ಸೆಕೆಂಡ್. ಚಿಕ್ಕ ಮಕ್ಕಳಾದರೆ ಇನ್ನೂ ಬೇಗ. ಬ್ರೇಕ್‌ನಲ್ಲಿ ಬರೋ ಎರಡು ಜಾಹೀರಾತಿನಷ್ಟು ಹೊತ್ತು.

2024ರ ನವೆಂಬರ್‌ನಲ್ಲಿ ಮಂಗಳೂರು ಹತ್ತಿರ ಸೋಮೇಶ್ವರದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ತೀರಿಕೊಂಡರು, ನೆನಪಿದೆಯಾ? ಎಂಜಿನಿಯರಿಂಗ್ ವಿದ್ಯಾರ್ಥಿನಿಯರು. ಒಬ್ಬರಿಗೆ ಕಾಲು ನಿಲ್ಲಲಿಲ್ಲ, ಹಿಡಿಯೋಕೆ ಹೋದವರೂ ಸಿಕ್ಕಿಕೊಂಡರು. ಸಮುದ್ರ ಅಲ್ಲ, ನದಿ ಅಲ್ಲ, ಟೈಲ್ಸ್ ಹಾಕಿದ ಸಣ್ಣ ಕೊಳ. ಆ ಸಿಸಿಟಿವಿ ದೃಶ್ಯವನ್ನು ಚಾನೆಲ್‌ಗಳು ಸುತ್ತು ಹಾಕಿ ಸುತ್ತು ಹಾಕಿ ತೋರಿಸಿದವು. ನಮ್ಮ ಚಾನೆಲ್ ಕೂಡ. ನಾನೇ ಆ ಹೊತ್ತು ಸ್ಟುಡಿಯೋದಲ್ಲಿದ್ದೆ. ನೋಡಿದವರಲ್ಲಿ ಎಷ್ಟು ಜನ ಮರುದಿನ ತಮ್ಮ ಮಗಳನ್ನು ಈಜಿಗೆ ಸೇರಿಸಿದರು ಅಂತ ನಾವು ಕೇಳಲಿಲ್ಲ. ಕೇಳಬೇಕಿತ್ತು. ಈಗ ಕೇಳ್ತಿದ್ದೀನಿ.

ಎರಡನೇ ಕೋಚ್ ಸಿಕ್ಕಿದ್ದು ಸಹೋದ್ಯೋಗಿಯೊಬ್ಬರ ಮೂಲಕ. ರಾಜ್ಯ ಮಟ್ಟದಲ್ಲಿ ಈಜಿದ್ದ ಹೆಣ್ಣುಮಗಳು, ಮಾತು ಕಡಿಮೆ. ನಾನು ಫೀಸ್ ಕೇಳೋಕೆ ಮುಂಚೆ ಅವರೇ ಕೇಳಿದರು: 'ಮೊದಲು ಎಲ್ಲಾದರೂ ಹೆದರಿದ್ದಾನಾ?' ಹೇಳಿದೆ. 'ಹಾಗಾದರೆ ಮೊದಲ ವಾರ ಬಕೆಟ್ ಮಗ್ಗು ಅಷ್ಟೇ, ಪೂಲ್ ಇಲ್ಲ' ಅಂದ್ರು. ಮನೆಯಲ್ಲಿ ಸ್ನಾನ ಮಾಡುವಾಗ ಮಗ್ಗಿನ ನೀರಲ್ಲಿ ಬಾಯಿಟ್ಟು ಗುಳುಗುಳು ಅಂತ ಗುಳ್ಳೆ ಬಿಡಬೇಕು. ಇದು ಹೋಮ್‌ವರ್ಕ್. ನೀರೊಳಗೆ ಉಸಿರು ಬಿಡೋದು, ಹೊರಗೆ ಬಂದು ತಗೊಳ್ಳೋದು. ಆಮೇಲೆ ಕೊಳದಲ್ಲಿ ಅವರೇ ಎದುರಿಗೆ ನಿಂತು, ಅವನ ತಲೆ ತಮ್ಮ ಹೆಗಲ ಮೇಲೆ ಇಟ್ಟು, ಬೆನ್ನ ಮೇಲೆ ತೇಲಿಸೋದು. ಕೈ ತೆಗೆಯೋಕೆ ಮುಂಚೆ 'ಈಗ ಕೈ ತೆಗೀತೀನಿ' ಅಂತ ಹೇಳೇ ತೆಗೀತಿದ್ರು. ಒಂದು ಸಲವೂ ಮೋಸ ಮಾಡಲಿಲ್ಲ. ಮಕ್ಕಳಿಗೆ ನೀರಿನ ಮೇಲೆ ನಂಬಿಕೆ ಬರೋಕೆ ಮುಂಚೆ ಕೈ ಮೇಲೆ ನಂಬಿಕೆ ಬರಬೇಕು ಅಂತ ನನಗೆ ಅರ್ಥ ಆಗಿದ್ದು ಅಲ್ಲಿ.

ತೇಲೋದು ಬಂದಮೇಲೆ ಶುರುವಾದದ್ದು ಇನ್ನೊಂದು ಆಟ. ಅಂಚಿನಿಂದ ನೀರಿಗೆ ಬೀಳು, ಮೇಲೆ ಬಾ, ಹಿಂದಕ್ಕೆ ತಿರುಗು, ಗೋಡೆ ಹಿಡಿ, ಹತ್ತು. ಬೀಳು, ತಿರುಗು, ಹಿಡಿ, ಹತ್ತು. ನೂರು ಸಲ ಆಗಿರಬಹುದು. ಯಾಕೆ ಅಂದ್ರೆ ಮಕ್ಕಳು ನೀರಿಗೆ ಬೀಳೋದು ಬಹುತೇಕ ದಡದ ಪಕ್ಕದಲ್ಲೇ. ಬದುಕು ಇರೋದು ಹಿಂದೆ, ಮೂರಡಿ ದೂರದಲ್ಲಿ. ಅವರು ಮುಂದೆ ನೋಡ್ತಾ ಮುಳುಗ್ತಾರೆ. ಕೋರ್ಸಿನ ಕೊನೆಗೆ ಒಂದು ದಿನ ಶಾಲೆಯ ಪ್ಯಾಂಟು ಶರ್ಟು ಹಾಕ್ಕೊಂಡು ಬರೋಕೆ ಹೇಳಿದರು. ಆಕಸ್ಮಿಕವಾಗಿ ಬೀಳುವವರು ಈಜುಡುಗೆ, ಗಾಗಲ್ಸ್ ಹಾಕ್ಕೊಂಡು ಬೀಳಲ್ಲ. ಒದ್ದೆ ಬಟ್ಟೆ ಎಷ್ಟು ತಡೆಯತ್ತೆ ಅಂತ ಮೈಗೆ ಗೊತ್ತಾಗಬೇಕು. ಫ್ರೀಸ್ಟೈಲ್, ಬ್ರೆಸ್ಟ್ ಸ್ಟ್ರೋಕ್ ಎಲ್ಲ ಇದಾದ ಮೇಲೆ ಬಂತು.

ಹಾಗಾಗಿ ಈ ಬೇಸಿಗೆ ಶಿಬಿರಕ್ಕೆ ಹಣ ಕಟ್ಟೋಕೆ ಮುಂಚೆ, 'ಎಷ್ಟು ದಿನದಲ್ಲಿ ಕಲಿಸ್ತೀರಿ' ಅನ್ನೋದನ್ನು ಬಿಡಿ. 'ಮೊದಲನೇ ವಾರ ಏನು ಕಲಿಸ್ತೀರಿ' ಅಂತ ಕೇಳಿ. ಕೋಚ್ ನೀರಲ್ಲಿರ್ತಾರಾ ದಡದಲ್ಲಿರ್ತಾರಾ? ಒಬ್ಬರಿಗೆ ಎಷ್ಟು ಮಕ್ಕಳು? ನಾಲ್ಕೈದು ವರ್ಷದ ಪುಟಾಣಿಗಳಾದರೆ ಕೈ ಬೆರಳಲ್ಲಿ ಎಣಿಸುವಷ್ಟೇ ಇರಬೇಕು. ಕಲಿಸುವ ಕೋಚ್ ಅಲ್ಲದೆ, ಬರೀ ನೋಡೋಕೆ ಅಂತಲೇ ಒಬ್ಬ ಜೀವರಕ್ಷಕ ಇದ್ದಾನಾ? ಇದ್ದರೆ ಅವನ ಕೈಯಲ್ಲಿ ಮೊಬೈಲ್ ಇದೆಯಾ? ಕೊಳದ ಆಳದ ತಳದಲ್ಲಿರೋ ಜಾಲರಿ ನಿಮಗೆ ಮೇಲಿಂದ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಆ ನೀರಿನ ತಳದಲ್ಲಿ ಒಂದು ಮಗು ಬಿದ್ದಿದ್ದರೂ ಕಾಣಲ್ಲ, ವಾಪಸ್ ಬನ್ನಿ. ಜಾಲರಿ ಮುರಿದಿದ್ದರೂ ವಾಪಸ್ ಬನ್ನಿ, ನೀರೆಳೆಯುವ ರಭಸಕ್ಕೆ ಕೂದಲು ಸಿಕ್ಕಿಕೊಳ್ಳತ್ತೆ. ಕೊಳದೊಳಗೆ ದೀಪ ಇದ್ದರೆ ಅರ್ಥಿಂಗ್ ಯಾವಾಗ ಪರೀಕ್ಷೆ ಮಾಡಿಸಿದ್ರಿ ಅಂತ ಕೇಳಿ. 'ಇವಳೇನು ಕರೆಂಟ್ ಆಫೀಸಿನವಳಾ' ಅಂತ ನೋಡ್ತಾರೆ. ನೋಡಲಿ. ಮಹಿಳಾ ಕೋಚ್ ಇದ್ದಾರಾ, ಬಟ್ಟೆ ಬದಲಿಸುವ ಕೋಣೆಯಲ್ಲಿ ಯಾರಿರ್ತಾರೆ ಅಂತಲೂ ಕೇಳಿ, ಗಂಡು ಮಗುವಿನ ಅಪ್ಪ ಅಮ್ಮಂದಿರೂ ಕೇಳಿ.

ಮತ್ತೆ ಆ ತೋಳಿಗೆ ಹಾಕೋ ಗಾಳಿ ತುಂಬಿದ ಬಣ್ಣದ ಟ್ಯೂಬು. ಅದು ಆಟಿಕೆ. ಅದನ್ನು ಹಾಕ್ಕೊಂಡ ಮಗು ನೀರಲ್ಲಿ ನೆಟ್ಟಗೆ ನಿಲ್ಲೋದನ್ನು ಕಲಿಯತ್ತೆ. ಮುಳುಗುವವರ ಭಂಗಿಯೂ ಅದೇ. ಒಂದಿನ ಟ್ಯೂಬ್ ಇಲ್ಲದಾಗಲೂ ತನಗೆ ಈಜು ಬರತ್ತೆ ಅಂದ್ಕೊಂಡು ಇಳಿದುಬಿಡತ್ತೆ.

ಯಾವ ವಯಸ್ಸಿಗೆ ಸೇರಿಸಬೇಕು ಅಂತ ಬಹಳ ಜನ ಕೇಳ್ತಾರೆ. ಅಮೆರಿಕದ ಮಕ್ಕಳ ವೈದ್ಯರ ಸಂಘ ಒಂದು ವರ್ಷ ದಾಟಿದ ಮೇಲೆ ಶುರು ಮಾಡಬಹುದು ಅಂತ 2019ರಲ್ಲಿ ಹೇಳಿದೆ. ಒಂದು ವರ್ಷದೊಳಗಿನ ಕೂಸಿಗೆ ಪಾಠದಿಂದ ಅಪಾಯ ಕಡಿಮೆಯಾಗತ್ತೆ ಅನ್ನೋಕೆ ಆಧಾರ ಇಲ್ಲ ಅಂತಲೂ ಹೇಳಿದೆ. 2009ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಪದ್ಧತಿಯಾಗಿ ಈಜು ಪಾಠಕ್ಕೆ ಹೋಗಿದ್ದ 1ರಿಂದ 4 ವರ್ಷದ ಮಕ್ಕಳಲ್ಲಿ ಮುಳುಗಿ ಸಾಯುವ ಅಪಾಯ ಶೇ 88ರಷ್ಟು ಕಡಿಮೆ ಕಂಡಿತ್ತು. ಅದು ಸಣ್ಣ ಅಧ್ಯಯನ, ಅಷ್ಟನ್ನೇ ಹಿಡ್ಕೊಂಡು ಕೂರಬೇಡಿ. ನಮ್ಮಲ್ಲಿ ಮಗು ಹೇಳಿದ ಮಾತು ಕೇಳಿ ಮಾಡುವ ವಯಸ್ಸು, ನಾಲ್ಕರ ಆಸುಪಾಸು, ಒಳ್ಳೆಯ ಆರಂಭ. ಅಪಸ್ಮಾರ, ಕಿವಿ ಸೋರುವಿಕೆ, ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ, ಕೋಚ್‌ಗೂ ಹೇಳಿ. ಮುಚ್ಚಿಡಬೇಡಿ.

ಪಾಠ ಮುಗಿದ ಮಗುವನ್ನು 'ಇನ್ನು ಇವನಿಗೆ ಈಜು ಬರತ್ತೆ' ಅಂತ ನೀರಿಗೆ ಬಿಟ್ಟು ನೀವು ವಾಟ್ಸಾಪ್ ನೋಡ್ತಾ ಕೂತರೆ, ಕಲಿಸದೇ ಇದ್ದಿದ್ದರೇ ವಾಸಿಯಿತ್ತು. ಕೊಳದಲ್ಲಿ ಇಪ್ಪತ್ತೈದು ಮೀಟರ್ ಈಜಿದವನಿಗೆ ಹೊಳೆಯ ಸುಳಿ ಗೊತ್ತಿಲ್ಲ. ಕಡಲಿನ ಎಳೆತ ಗೊತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರನ್ನು ಅಲೆ ಎಳೆದುಕೊಂಡು ಹೋಯಿತು. ಅಲ್ಲಿ ಬೇಕಿದ್ದದ್ದು ನೀರಿಗೆ ಇಳಿಯಬೇಡಿ ಅಂತ ತಡೆಯುವ ದೊಡ್ಡವರು.

ಪದಕದ ಆಸೆ ಇರೋರಿಗೆ ಒಂದು ಮಾತು. ಬೆಂಗಳೂರು ದೇಶಕ್ಕೆ ದೊಡ್ಡ ದೊಡ್ಡ ಈಜುಗಾರರನ್ನು ಕೊಟ್ಟ ಊರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದ ನಿಶಾ ಮಿಲೆಟ್ ಐದರ ವಯಸ್ಸಿನಲ್ಲಿ ಮುಳುಗಿ ಸಾಯುವುದರಿಂದ ಪಾರಾಗಿದ್ದವರು, ಆಮೇಲೆ ಅಪ್ಪನ ಒತ್ತಾಯಕ್ಕೆ ಈಜು ಕಲಿತವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲೇ ಅತಿ ಕಿರಿಯಳು ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಗು, ಹದಿನಾಲ್ಕು ವರ್ಷ. ಅವಳಿಗೂ ಶುರುವಿನಲ್ಲಿ ನೀರು ಕಂಡರೆ ಆಗ್ತಿರಲಿಲ್ಲ. ನಿಮ್ಮ ಮಗು ಮೊದಲ ದಿನ ಅತ್ತರೆ ನಾಚಿಕೆ ಪಡಬೇಡಿ.

ಇಷ್ಟು ಹೊತ್ತು ನಾನು ಮಾತಾಡಿದ್ದು ಯಾರ ಮಕ್ಕಳ ಬಗ್ಗೆ? ಕೋಚ್‌ಗೆ ಹಣ ಕೊಡೋಕೆ ಆಗುವ, ಮನೆಯಿಂದ ಎರಡು ಕಿಲೋಮೀಟರ್‌ನಲ್ಲಿ ಕೊಳ ಇರುವ ಮಕ್ಕಳ ಬಗ್ಗೆ. ಟಿಕರ್‌ನಲ್ಲಿ ಬರೋ ಮಕ್ಕಳು ಅವರಲ್ಲ. ದಿನಾ ಸುದ್ದಿ ಓದುವ ನನಗೆ ಇದು ಚೆನ್ನಾಗಿ ಗೊತ್ತು.

ನಾನು ಇನ್ನೂ ವರದಿಗಾರ್ತಿಯಾಗಿದ್ದಾಗ ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಗೆ ಕಳಿಸಿದ್ದರು. ಕೃಷಿ ಹೊಂಡಕ್ಕೆ ಇಬ್ಬರು ಮಕ್ಕಳು ಬಿದ್ದಿದ್ದರು. ಒಂದು ಜೊತೆ ಚಪ್ಪಲಿ ಏರಿಯ ಮೇಲೆ ನೀಟಾಗಿ ಜೋಡಿಸಿಟ್ಟಿತ್ತು, ಕಾಲು ತೊಳೆಯೋಕೆ ಇಳಿದಿರಬೇಕು. ಮಳೆ ನೀರು ಇಂಗಬಾರದು ಅಂತ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿರ್ತಾರೆ. ಅದರ ಮೇಲೆ ಪಾಚಿ ಕಟ್ಟತ್ತೆ. ಇಳಿಜಾರು. ಒಮ್ಮೆ ಜಾರಿದರೆ ದೊಡ್ಡವರಿಗೂ ಹತ್ತೋಕೆ ಆಗಲ್ಲ. ಆ ಪಾಚಿಯ ಮೇಲೆ ಉದ್ದಕ್ಕೆ ಗೆರೆಗಳಿದ್ದವು. ಮಕ್ಕಳ ಅಪ್ಪ ಅದನ್ನು ತೋರಿಸಿ, 'ಹತ್ತಕ್ಕೆ ನೋಡವ್ರೆ ಕಣಮ್ಮ' ಅಂದರು. ನಮ್ಮ ಕ್ಯಾಮೆರಾಮನ್ ಕ್ಯಾಮೆರಾ ಕೆಳಗಿಟ್ಟ. ಆ ದೃಶ್ಯ ನಾವು ಪ್ರಸಾರ ಮಾಡಲಿಲ್ಲ.

ಕೃಷಿ ಭಾಗ್ಯ ಯೋಜನೆ ಶುರುವಾಗಿದ್ದು 2014ರಲ್ಲಿ. ಒಣ ಭೂಮಿಯ ರೈತನಿಗೆ ನೀರು ಕೊಟ್ಟ ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ. ಮೂರು ಮೀಟರ್ ಆಳದ ಹೊಂಡಗಳು ಹೊಲ ಹೊಲದಲ್ಲೂ ಬಂದವು. ಸುತ್ತ ತಂತಿ ಬೇಲಿಗೆ ಸಹಾಯಧನ ಸೇರಿದ್ದು ಆಮೇಲೆ. ಹಳೆಯ ಹೊಂಡಗಳಲ್ಲಿ ಎಷ್ಟಕ್ಕೆ ಬೇಲಿ ಇದೆ ಅಂತ ನಿಮ್ಮ ಊರಲ್ಲೇ ಎಣಿಸಿ ನೋಡಿ. ಬೇಲಿಗೆ ದುಡ್ಡಿಲ್ಲದಿದ್ದರೆ ಕನಿಷ್ಠ ಗಂಟು ಹಾಕಿದ ಒಂದು ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ. ಹಳೆಯ ಟ್ಯೂಬ್ ಒಂದು ತೇಲ್ತಿರಲಿ. ನೂರಿನ್ನೂರು ರೂಪಾಯಿ ಖರ್ಚು. ಬೆಂಗಳೂರಲ್ಲಿ ಕಟ್ಟಡ ಕೆಲಸ ನಡೆಯುವ ಕಡೆ ಸಂಪಿನ ಮುಚ್ಚಳದ್ದೂ ಇದೇ ಕಥೆ. ಅಪ್ಪ ಅಮ್ಮ ಇಟ್ಟಿಗೆ ಹೊರ್ತಿರ್ತಾರೆ, ಎರಡು ವರ್ಷದ ಮಗು ಸಂಪಿನ ಪಕ್ಕ ಆಡ್ತಿರತ್ತೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ 3 ಲಕ್ಷ ಜನ ಮುಳುಗಿ ಸತ್ತರು. ಅವರಲ್ಲಿ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ನಮ್ಮ ದೇಶದಲ್ಲಿ ಪೊಲೀಸ್ ದಾಖಲೆಗೆ ಬಂದದ್ದೇ 2022ರಲ್ಲಿ 38 ಸಾವಿರಕ್ಕೂ ಹೆಚ್ಚು. ದಿನಕ್ಕೆ ನೂರಕ್ಕಿಂತ ಜಾಸ್ತಿ ಆಯ್ತು. ಒಂದು ವಿಮಾನ ಬಿದ್ದರೆ ನಾವು ವಾರಗಟ್ಟಲೆ ಚರ್ಚೆ ಮಾಡ್ತೀವಿ.

'ಹಳ್ಳಿ ಹಳ್ಳಿಗೂ ಈಜುಕೊಳ ಕಟ್ಟೋಕೆ ಆಗತ್ತಾ ಮೇಡಂ?' ಅಂತ ಒಬ್ಬ ಅಧಿಕಾರಿ ನನ್ನನ್ನೇ ಕೇಳಿದರು. ಬೇಡ. ಬಾಂಗ್ಲಾದೇಶ ನೋಡಿ. ನಮಗಿಂತ ಶ್ರೀಮಂತ ದೇಶ ಏನಲ್ಲ. ಅಲ್ಲಿ ಊರ ಹೊಂಡದಲ್ಲೇ ಬಿದಿರು ನೆಟ್ಟು, ನೀರೊಳಗೆ ಬಿದಿರಿನ ಅಟ್ಟಣಿಗೆ ಕಟ್ಟಿ, ಸುತ್ತ ಬಿದಿರಿನ ಕಟಕಟೆ ಮಾಡಿ ಮಕ್ಕಳಿಗೆ ಈಜು ಕಲಿಸ್ತಾರೆ. ಮಗುವಿನ ಎದೆಮಟ್ಟಕ್ಕೆ ನೀರು ಬರುವ ಹಾಗೆ ಅಟ್ಟಣಿಗೆ. ಕಲಿಸೋದು ಅದೇ ಊರಿನ ತರಬೇತಾದ ಯುವಕ ಯುವತಿಯರು. ಪಾಸಾಗೋಕೆ 25 ಮೀಟರ್ ಈಜಬೇಕು, 30 ಸೆಕೆಂಡ್ ತೇಲಬೇಕು, ತಾನು ನೀರಿಗೆ ಧುಮುಕದೆ ಇನ್ನೊಬ್ಬನನ್ನು ದಡದಿಂದ ಎಳೆಯೋದನ್ನು ತೋರಿಸಬೇಕು. ಇದರ ಜೊತೆ ಇನ್ನೂ ಚಿಕ್ಕ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೂಸಿನ ಮನೆಗಳು. ನಮ್ಮಲ್ಲಿ ಕೆರೆ ಇಲ್ವಾ? ಕಲ್ಯಾಣಿ ಇಲ್ವಾ? ಬಿದಿರು ಇಲ್ವಾ? ಈಜು ಬಲ್ಲ ದೊಡ್ಡಪ್ಪಂದಿರು ಇಲ್ವಾ? ಶಾಲೆಗಳಿಗೆ ದೈಹಿಕ ಶಿಕ್ಷಕರು ಬೇಕು ಅಂತ ನಿಯಮ ಮಾಡ್ತೀವಿ, ಅವರಿಗೆ ಈಜು ಬರತ್ತಾ ಅಂತ ಕೇಳಲ್ಲ. ಈ ಮಾತನ್ನು ಕ್ರೀಡಾ ಸಚಿವರು ಕೇಳಿಸ್ಕೋಬೇಕು, ಶಿಕ್ಷಣ ಸಚಿವರೂ ಕೇಳಿಸ್ಕೋಬೇಕು. ನಿಮ್ಮಿಬ್ಬರಲ್ಲಿ ಇದು ಯಾರ ಖಾತೆ ಅಂತ ತೀರ್ಮಾನ ಮಾಡಿ ಹೇಳಿ, ಇದೇ ಸ್ಟುಡಿಯೋದಲ್ಲಿ ಕೂರಿಸ್ತೀನಿ.

ಕಲಿಸುವಾಗ ಹೆಣ್ಣುಮಕ್ಕಳನ್ನು ಬಟ್ಟೆ ಕಾಯೋಕೆ ಕೂರಿಸಬೇಡಿ. ಈಜುಡುಗೆ ಮುಜುಗರ ಅನ್ನಿಸಿದರೆ ಮೈತುಂಬ ಮುಚ್ಚುವ, ಮೈಗೆ ಅಂಟಿದಂಥ ಬಟ್ಟೆ ಸಿಗತ್ತೆ. ಲೆಗ್ಗಿಂಗ್ಸ್, ಟೀ ಶರ್ಟ್‌ನಲ್ಲೂ ಕಲಿಯಬಹುದು. ನಾಲೆಯಲ್ಲಿ ಬಟ್ಟೆ ಒಗೆಯೋಕೆ ಹೋಗೋದು ಯಾರು? ನೀರಿಗೆ ಹತ್ತಿರ ಹೆಚ್ಚು ಹೊತ್ತು ಇರೋದು ಯಾರು?

ಇನ್ನು ಯಾರಾದರೂ ಮುಳುಗ್ತಿದ್ದರೆ ಈಜು ಅರೆಬರೆ ಬರುವವರು ದಯವಿಟ್ಟು ಧುಮುಕಬೇಡಿ. ಒಬ್ಬರ ಹಿಂದೆ ಒಬ್ಬರು ಹೋದ ಸುದ್ದಿಯನ್ನು ನಾನು ಎಷ್ಟು ಓದಿದ್ದೀನಿ ಅಂತ ಲೆಕ್ಕ ಇಟ್ಟಿಲ್ಲ. ಸೀರೆ ಬಿಚ್ಚಿ ಎಸೆಯಿರಿ, ಪಂಚೆ ಎಸೆಯಿರಿ, ಬಿದಿರು ಚಾಚಿ, ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೆಯಿರಿ. ದಡದಲ್ಲಿ ಅಂಗಾತ ಮಲಗಿ ಕೈ ಕೊಡೋದಲ್ಲ, ಬೋರಲು ಮಲಗಿ ಕೋಲು ಕೊಡಿ. ಮೇಲೆ ತಂದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸೋದು, ಹೊಟ್ಟೆ ಒತ್ತಿ ನೀರು ತೆಗೆಯೋದು ಮಾಡಬೇಡಿ, ಆ ಹೊತ್ತೆಲ್ಲ ವ್ಯರ್ಥ. ಉಸಿರಾಟ ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಎದೆ ಒತ್ತಿ, 108ಕ್ಕೆ ಇನ್ನೊಬ್ಬರು ಫೋನ್ ಮಾಡಲಿ. ಹೇಗೆ ಅಂತ ನಿಮ್ಮ ಈಜು ಕೋಚ್‌ನನ್ನೇ ಕಲಿಸೋಕೆ ಕೇಳಿ. ಅವರಿಗೆ ಬರದಿದ್ದರೆ ಮಗುವನ್ನು ಅಲ್ಲಿ ಬಿಡಬೇಡಿ.

ನನ್ನ ಮಗ ಈಗ ಬೆನ್ನ ಮೇಲೆ ಎರಡು ನಿಮಿಷ ತೇಲ್ತಾನೆ, ತೇಲ್ತಾ ಹಾಡೂ ಹೇಳ್ತಾನೆ. ನಾನು ಬೆಳಗ್ಗೆ ಆರೂವರೆಯ ಮಹಿಳೆಯರ ಬ್ಯಾಚಿಗೆ ಸೇರಿದ್ದೀನಿ, ಅದೇ ಕೋಚ್. ನಲವತ್ತು ದಾಟಿದ ಇಬ್ಬರು ಟೀಚರ್, ಒಬ್ಬ ಬ್ಯಾಂಕ್ ಮ್ಯಾನೇಜರ್, ಮೊಮ್ಮಗಳ ಜೊತೆ ಬರುವ ಒಬ್ಬ ಅಜ್ಜಿ, ನಾನು. ಅಜ್ಜಿ ನನಗಿಂತ ಮುಂದಿದ್ದಾರೆ. ನಾನು ಇನ್ನೂ ಗುಳ್ಳೆ ಬಿಡುವಾಗ ಮೂಗು ಹಿಡ್ಕೋತೀನಿ ಅಂತ ಮೊನ್ನೆ ಬೈಸಿಕೊಂಡೆ. ಹೋಮ್‌ವರ್ಕ್ ಮಾಡಿಸೋದು ಮಗ. ಬಚ್ಚಲುಮನೆಯಲ್ಲಿ ಮಗ್ಗು ಹಿಡಿದು ನಿಂತು, 'ಅಮ್ಮಾ, ಮೂಗು ಬಿಡು' ಅಂತಾನೆ.